ಹೊಟ್ಟೆಗೆ ಹಲ್ಲಿಲ್ಲ: ತುತ್ತು, ಅಗಿಯುವಿಕೆ ಮತ್ತು ಪಚನ ಕುರಿತು ತರಗತಿಯ ಕೆಲವು ಪ್ರಯೋಗಗಳು



ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಬಹುತೇಕ ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ಸಿಸ್ಟರ್, ಏನು ತಿನ್ನಬಹುದು, ಏನು ತಿನ್ನಬಾರದು?" ಹೇಗೆ ತಿನ್ನಬೇಕು ಎಂದು ಕೇಳುವವರು ವಿರಳ. ಆದರೆ ಹೊಟ್ಟೆ ಉಬ್ಬರ, ಊಟವಾದ ಮೇಲೆ ಎದೆಯುರಿ, ಗಂಟಲಲ್ಲಿ ತುತ್ತು ಸಿಕ್ಕಿಕೊಳ್ಳುವುದು ಮುಂತಾದ ತೊಂದರೆಗಳಿಗೆ ತಟ್ಟೆಯಲ್ಲಿದ್ದ ಪದಾರ್ಥ ಎಷ್ಟು ಕಾರಣವೋ, ಅದು ಯಾವ ಗಾತ್ರದಲ್ಲಿ ಗಂಟಲಿನಿಂದ ಕೆಳಗಿಳಿಯಿತು ಎಂಬುದೂ ಅಷ್ಟೇ ಕಾರಣವಾಗಿರಬಹುದು.

ಈ ವಿಷಯವನ್ನು ಬಾಯಿಮಾತಿನಲ್ಲಿ ಹೇಳಿದರೆ ಯಾರಿಗೂ ನಾಟುವುದಿಲ್ಲ. "ಚೆನ್ನಾಗಿ ಅಗಿದು ತಿನ್ನಿ" ಎಂಬುದು ಎಲ್ಲರೂ ಚಿಕ್ಕಂದಿನಿಂದ ಕೇಳಿ ಕೇಳಿ ಸವೆದುಹೋದ ಮಾತು. ಆದ್ದರಿಂದ ಆರೋಗ್ಯ ಶಿಕ್ಷಣದ ತರಗತಿಗಳಲ್ಲಿ ಮಕ್ಕಳ ಎದುರಿಗೆ ಬೆಲ್ಲ, ಅನ್ನ, ಕಡಲೆಕಾಯಿ ಬೀಜ, ಮುದ್ದೆ ಇಟ್ಟುಕೊಂಡು ಪ್ರಯೋಗ ಮಾಡಿ ತೋರಿಸುವುದು ನನ್ನ ರೂಢಿ. ಇವುಗಳನ್ನು ವಾರ್ಡಿನಲ್ಲಿ ಬೇಸರದಿಂದ ಕುಳಿತಿರುವ ಬಂಧುಗಳೂ ಮಾಡಿ ನೋಡಬಹುದು. ಬೇಕಾಗುವ ಸಾಮಾನು ಅಡುಗೆ ಮನೆಯಲ್ಲಿಯೇ ಇದೆ.

ಹಳೇಬೀಡಿನ ಕಡೆಯ ಮಕ್ಕಳಿಗೆ ಈ ಪಾಠ ಹೇಳುವಾಗ ತಪ್ಪದೆ ಬರುವ ಪ್ರಶ್ನೆ ಒಂದಿದೆ. "ಮಿಸ್, ಮುದ್ದೆ ಅಗಿಯಬಾರದು, ನುಂಗಬೇಕು ಅಂತ ನಮ್ಮಜ್ಜಿ ಹೇಳ್ತಾರೆ. ನೀವು ಎಲ್ಲಾನೂ ಅಗಿಯಿರಿ ಅಂತೀರಿ. ಯಾರು ಸರಿ?" ಹಾಸನ ಜಿಲ್ಲೆಯಲ್ಲಿ ಹುಟ್ಟಿದ ಯಾರಿಗಾದರೂ ಇದು ನ್ಯಾಯವಾದ ಪ್ರಶ್ನೆ. ಉತ್ತರವನ್ನು ಈಗಲೇ ಹೇಳುವುದಿಲ್ಲ, ಪ್ರಯೋಗದ ನಂತರ ನೋಡೋಣ.

ಮೊದಲನೆಯದು: ಬೆಲ್ಲದ ಅಚ್ಚು

ಒಂದೇ ತೂಕದ ಎರಡು ಚೂರು ಬೆಲ್ಲ ತೆಗೆದುಕೊಳ್ಳಿ. ಒಂದನ್ನು ಹಾಗೆಯೇ ಇಡಿ, ಇನ್ನೊಂದನ್ನು ಕುಟ್ಟಿ ಪುಡಿ ಮಾಡಿ. ಒಂದೇ ಅಳತೆಯ ಎರಡು ಲೋಟಗಳಲ್ಲಿ ಒಂದೇ ಪ್ರಮಾಣದ ಉಗುರುಬೆಚ್ಚಗಿನ ನೀರು ಹಾಕಿ, ಒಂದಕ್ಕೆ ಅಚ್ಚನ್ನೂ ಇನ್ನೊಂದಕ್ಕೆ ಪುಡಿಯನ್ನೂ ಏಕಕಾಲಕ್ಕೆ ಬಿಡಿ. ನಿಮಿಷಕ್ಕೊಮ್ಮೆ ಎರಡನ್ನೂ ಹತ್ತು ಸುತ್ತು ಕಲಕಿ. ಪುಡಿ ಬಹುಬೇಗ ಕರಗಿ ನೀರು ಕಂದಾಗುತ್ತದೆ. ಅಚ್ಚು ತಳದಲ್ಲಿ ಕುಳಿತು ಸುತ್ತಲಿನ ನೀರಿಗೆ ಮಾತ್ರ ಬಣ್ಣ ಬಿಡುತ್ತಾ ಇರುತ್ತದೆ.

ಇಲ್ಲಿ ನೀರು, ಬಿಸಿ, ತೂಕ, ಕಲಕುವ ಲೆಕ್ಕ ಎಲ್ಲವೂ ಒಂದೇ ಆಗಿರಬೇಕು, ಬೇರೆಯಾಗಿರುವುದು ಚೂರಿನ ಗಾತ್ರ ಮಾತ್ರ. ಮಕ್ಕಳು ಪುಡಿಯ ಲೋಟಕ್ಕೆ ಬಿಸಿ ನೀರು, ಅಚ್ಚಿನ ಲೋಟಕ್ಕೆ ತಣ್ಣೀರು ಹಾಕಿ ಗೆದ್ದೆವು ಎನ್ನುವುದುಂಟು! ಹಾಗೆ ಮಾಡಿದರೆ ಗೆದ್ದದ್ದು ಬಿಸಿಯೋ ಪುಡಿಯೋ ತಿಳಿಯುವುದಿಲ್ಲ.

ಕಾರಣ ಇಷ್ಟೇ. ನೀರಾಗಲಿ ಜೀರ್ಣರಸವಾಗಲಿ ಪದಾರ್ಥದ ಹೊರಮೈಯಿಂದ ಕೆಲಸ ಶುರು ಮಾಡುತ್ತದೆ. ಇದರ ಲೆಕ್ಕವನ್ನು ಆಲೂಗಡ್ಡೆಯಿಂದ ತೋರಿಸಬಹುದು. ಪ್ರತಿ ಬದಿ 2 ಸೆಂಟಿಮೀಟರ್ ಇರುವ ಚೌಕ ತುಂಡೊಂದನ್ನು ಕತ್ತರಿಸಿ. ಅದಕ್ಕೆ ಆರು ಮುಖ, ಒಟ್ಟು ಹೊರಮೈ 24 ಚದರ ಸೆಂಟಿಮೀಟರ್. ಅದನ್ನು 1 ಸೆಂಟಿಮೀಟರಿನ ಎಂಟು ತುಂಡು ಮಾಡಿದರೆ ಹೊರಮೈ 48 ಆಗುತ್ತದೆ. 1 ಮಿಲಿಮೀಟರಿನ ಚೂರುಗಳನ್ನಾಗಿ ಮಾಡಿದರೆ 8000 ಚೂರು, ಹೊರಮೈ 480 ಚದರ ಸೆಂಟಿಮೀಟರ್. ಆಲೂಗಡ್ಡೆ ಒಂದು ಗುಲಗಂಜಿಯಷ್ಟೂ ಹೆಚ್ಚಾಗಲಿಲ್ಲ, ಆದರೆ ಜೀರ್ಣರಸ ತಾಗುವ ಜಾಗ ಇಪ್ಪತ್ತು ಪಟ್ಟಾಯಿತು. ಹಲ್ಲು ಮಾಡುವ ಕೆಲಸವೇ ಇದು.

ಹಲ್ಲಿನ ಮಾತು ಬಂದಾಗ ಆನೆ ನೆನಪಾಗುತ್ತದೆ. ಹೊಯ್ಸಳೇಶ್ವರ ದೇವಾಲಯದ ಗೋಡೆಯ ಕೆಳಸಾಲಿನಲ್ಲಿ ಒಂದರ ಹಿಂದೊಂದು ನಡೆದಿರುವ ಆನೆಗಳನ್ನು ತಾವೆಲ್ಲ ನೋಡಿದ್ದೀರಿ. ನಿಜವಾದ ಆನೆಗೆ ಜೀವಮಾನದಲ್ಲಿ ಆರು ಸರದಿ ದವಡೆಹಲ್ಲು ಬರುತ್ತವೆ. ಒಂದು ಸರದಿ ಸವೆದಂತೆ ಹಿಂದಿನಿಂದ ಇನ್ನೊಂದು ಮುಂದೆ ಸರಿಯುತ್ತದೆ. ಆರನೆಯದೂ ಸವೆದುಹೋದ ಮುದಿ ಆನೆ ಕಾಡಿನಲ್ಲಿ ಸೊಪ್ಪು ಇದ್ದರೂ ಅರೆಯಲಾರದೆ ಸೊರಗುತ್ತದೆ. ಮನುಷ್ಯನಿಗೆ ಎರಡೇ ಸರದಿ, ಹಾಲುಹಲ್ಲು 20, ಶಾಶ್ವತ ಹಲ್ಲು 32. ಅಷ್ಟರಲ್ಲಿಯೇ ಬಾಳಬೇಕು.

ಎರಡನೆಯದು: ಅನ್ನ ಮತ್ತು ಅಯೋಡಿನ್

ಶಾಲೆಯ ವಿಜ್ಞಾನ ಪಾಠದಲ್ಲಿ ಅನೇಕರು ಮಾಡಿರುವ ಪ್ರಯೋಗ ಇದು. ಅದಕ್ಕೆ ಇನ್ನೊಂದು ಲೋಟ ಸೇರಿಸಿದ್ದೇನೆ.

ಅನ್ನ, ರಾಗಿ, ಗೋಧಿ, ಆಲೂಗಡ್ಡೆ ಇವುಗಳಲ್ಲಿ ಹೆಚ್ಚಾಗಿರುವುದು ಪಿಷ್ಟ. ಪಿಷ್ಟಕ್ಕೆ ಅಯೋಡಿನ್ ತಾಗಿದರೆ ಕಡುನೀಲಿ ಬಣ್ಣ ಬರುತ್ತದೆ. ನಮ್ಮ ಜೊಲ್ಲಿನಲ್ಲಿ ಅಮೈಲೇಸ್ ಎಂಬ ಕಿಣ್ವವಿದೆ, ಅದು ಪಿಷ್ಟವನ್ನು ಒಡೆದು ಸಕ್ಕರೆಯ ಜಾತಿಗೆ ಸೇರಿದ ಸಣ್ಣ ಅಣುಗಳನ್ನಾಗಿ ಮಾಡುತ್ತದೆ. ಆಗ ಅಯೋಡಿನ್ ಹಾಕಿದರೂ ನೀಲಿ ಬಣ್ಣ ಬರುವುದಿಲ್ಲ. ಅನ್ನವನ್ನು ಬಹಳ ಹೊತ್ತು ಅಗಿದರೆ ಬಾಯಿ ಸಿಹಿಯಾಗುವುದು ಇದರಿಂದಲೇ.

ಮೂರು ಲೋಟ ತೆಗೆದುಕೊಳ್ಳಿ. ಮೊದಲನೆಯದರಲ್ಲಿ ಒಂದು ಚಮಚ ಅನ್ನ ಮತ್ತು ನೀರು ಮಾತ್ರ. ಎರಡನೆಯದರಲ್ಲಿ ಒಂದು ಚಮಚ ಅನ್ನವನ್ನು ಒಂದು ನಿಮಿಷ ಚೆನ್ನಾಗಿ ಅಗಿದು ಉಗುಳಿ. ಮೂರನೆಯದರಲ್ಲಿ ಇಡೀ ಅಗುಳುಗಳ ಮೇಲೆ ಅಷ್ಟೇ ಜೊಲ್ಲನ್ನು ಹಾಕಿ, ಆದರೆ ಹಿಸುಕಬೇಡಿ. ಅಂದರೆ ಮೂರನೆಯ ಲೋಟದಲ್ಲಿ ಜೊಲ್ಲು ಇದೆ, ಅಗಿಯುವಿಕೆ ಇಲ್ಲ. ಮೂರನ್ನೂ ಕೈಗೆ ಹಿತವಾಗುವಷ್ಟು ಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಇಪ್ಪತ್ತು ನಿಮಿಷ ಇಡಿ. ಕುದಿಯುವ ನೀರು ಬೇಡ, ಕಿಣ್ವ ಕೆಟ್ಟುಹೋಗುತ್ತದೆ. ನಂತರ ನೀರಿನಲ್ಲಿ ತಿಳಿಮಾಡಿದ ಟಿಂಕ್ಚರ್ ಅಯೋಡಿನ್ ಎರಡೆರಡು ಹನಿ ಹಾಕಿ.

ಮೊದಲನೆಯದು ಕಡುನೀಲಿಯಾಗುತ್ತದೆ. ಎರಡನೆಯದರಲ್ಲಿ ನೀಲಿ ಬಹಳ ಮಂಕು, ಕೆಲವೊಮ್ಮೆ ಬರೀ ಕಂದು. ಮಕ್ಕಳು ಕುತೂಹಲದಿಂದ ನೋಡುವುದು ಮೂರನೆಯದನ್ನು. ಅಲ್ಲಿನ ಒಂದು ಅಗುಳನ್ನು ಬೆರಳಿನಿಂದ ಹಿಸುಕಿ ಅಯೋಡಿನ್ ಬಿಟ್ಟರೆ ಒಳಗೆಲ್ಲ ನೀಲಿ! ಜೊಲ್ಲು ಸುತ್ತಲೂ ಇದ್ದರೂ ಒಳಗೆ ಹೋಗಲು ದಾರಿ ಇರಲಿಲ್ಲ. ಒಬ್ಬೊಬ್ಬರು ತಮ್ಮ ಜೊಲ್ಲನ್ನೇ ಬಳಸಬೇಕು, ಲೋಟಗಳನ್ನು ಆಮೇಲೆ ಎಸೆಯಬೇಕು. ಅಯೋಡಿನ್ ಹಾಕಿದ ಅನ್ನವನ್ನು ಯಾರೂ, ದನಕರುಗಳೂ ಸೇರಿ, ತಿನ್ನಬಾರದು. (ರಾಗಿ ಮುದ್ದೆಯಲ್ಲಿ ಇದನ್ನು ಮಾಡಲು ಹೋಗಬೇಡಿ, ಅದರ ಬಣ್ಣದಲ್ಲಿ ನೀಲಿ ಕಾಣುವುದಿಲ್ಲ.)

ನಮ್ಮ ಬಾಯಲ್ಲಿ ದಿನಕ್ಕೆ ಸುಮಾರು 1ರಿಂದ 1.5 ಲೀಟರ್ ಜೊಲ್ಲು ಉತ್ಪತ್ತಿಯಾಗುತ್ತದೆ. ಅದು ಪಿಷ್ಟವನ್ನು ಒಡೆಯುವುದಲ್ಲದೆ ತುತ್ತನ್ನು ಒದ್ದೆ ಮಾಡಿ ಜಾರುವಂತೆ ಮಾಡುತ್ತದೆ. ಅವಸರದಲ್ಲಿ ಉಂಡವರು ತುತ್ತಿಗೊಮ್ಮೆ ನೀರು ಕುಡಿಯುವುದನ್ನು ಗಮನಿಸಿ, ಜೊಲ್ಲು ಮಾಡಬೇಕಾದ ಕೆಲಸವನ್ನು ನೀರಿನಿಂದ ಮಾಡಿಸುತ್ತಿದ್ದಾರೆ. ಅವಸರದ ಊಟದ ಜೊತೆ ಗಾಳಿಯೂ ಹೊಟ್ಟೆ ಸೇರುತ್ತದೆ. ನಾವು "ಗ್ಯಾಸ್ಟ್ರಿಕ್" ಎಂದು ಕರೆಯುವ ತೇಗು, ಉಬ್ಬರಗಳಲ್ಲಿ ಒಂದಿಷ್ಟು ಪಾಲು ಹೀಗೆ ನುಂಗಿದ ಗಾಳಿಯದು. ಈ ಮಾತಿನ ಜೊತೆಗೇ ಒಂದು ಎಚ್ಚರಿಕೆ: ಎದೆ ಹಿಂಡಿದಂತಹ ನೋವು, ಬೆವರು, ಎಡಗೈ ಅಥವಾ ದವಡೆಗೆ ಹರಡುವ ನೋವು ಬಂದರೆ ಅದನ್ನು ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಮಲಗಬೇಡಿ, ಕೂಡಲೇ ಆಸ್ಪತ್ರೆಗೆ ಬನ್ನಿ.

ಮೂರನೆಯದು: ಚಹಾ ಜರಡಿ

ಇದು ಸ್ವಲ್ಪ ಅಸಹ್ಯ ಎನಿಸಬಹುದು, ಮಕ್ಕಳಿಗೆ ಮಾತ್ರ ಬಹಳ ಇಷ್ಟ. ಎಂಟು ಹತ್ತು ಹುರಿದ ಕಡಲೆಕಾಯಿ ಬೀಜ ಅಥವಾ ಒಂದು ಚೂರು ಕೊಬ್ಬರಿ ಬಾಯಿಗೆ ಹಾಕಿಕೊಂಡು ಐದು ಸಲ ಅಗಿದು ಚಹಾ ಸೋಸುವ ಜರಡಿಗೆ ಉಗುಳಿ, ಮೇಲೆ ನೀರು ಹಾಕಿ. ಎರಡನೆಯ ಸಲ ಹದಿನೈದು ಬಾರಿ ಅಗಿದು, ಮೂರನೆಯ ಸಲ ಮೂವತ್ತು ಬಾರಿ ಅಗಿದು ಹೀಗೆಯೇ ಮಾಡಿ. ಜರಡಿಯಲ್ಲಿ ಉಳಿದ ಚೂರುಗಳನ್ನು ಬಿಳಿ ಕಾಗದದ ಮೇಲೆ ಹರಡಿ ಅಡಿಪಟ್ಟಿಯಿಂದ ಅಳೆಯಿರಿ. ಐದು ಸಲದ್ದರಲ್ಲಿ ಅರ್ಧ ಬೀಜಗಳೇ ಕಾಣುತ್ತವೆ. ಮೂವತ್ತರದ್ದರಲ್ಲಿ ಬಹುಪಾಲು ಜರಡಿಯಿಂದ ಇಳಿದುಹೋಗಿರುತ್ತದೆ. ಹಲ್ಲು ಹುಳುಕಾದವರ ಮೂವತ್ತು ಇನ್ನೊಬ್ಬರ ಹದಿನೈದಕ್ಕೆ ಸಮನಾಗಿರುವುದೂ ಕಂಡುಬರುತ್ತದೆ. ನಾನು ಈ ಪ್ರಯೋಗ ಮಾಡಿಸುವುದರ ನಿಜವಾದ ಉದ್ದೇಶ ಅದೇ. ಕೆಲವು ಮಕ್ಕಳು ಹಲ್ಲು ನೋವಿರುವ ಬದಿಯನ್ನು ಬಿಟ್ಟು ಒಂದೇ ಬದಿಯಿಂದ ಅಗಿಯುತ್ತಿದ್ದಾರೆ ಎಂಬುದು ಆಗ ಗೊತ್ತಾಗುತ್ತದೆ. ಕಡಲೆಕಾಯಿ ಬೀಜ ಒಗ್ಗದವರು, ತಿಂದರೆ ಮೈಮೇಲೆ ಗಂದೆ ಏಳುವವರು, ಇದನ್ನು ಮಾಡಬಾರದು.

ಇಂತಹುದೇ ಪರೀಕ್ಷೆಯನ್ನು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಬಾದಾಮಿಯಿಂದ ಮಾಡಿ 2009ರಲ್ಲಿ ಪ್ರಕಟಿಸಿದರು. ಒಂದೊಂದು ಬಾಯಿ ಬಾದಾಮಿಯನ್ನು 10, 25, 40 ಸಲ ಅಗಿಸಿದರು. ಹತ್ತೇ ಸಲ ಅಗಿದಾಗ, ನಲವತ್ತು ಸಲ ಅಗಿದುದಕ್ಕಿಂತ ಹೆಚ್ಚು ಕೊಬ್ಬಿನಂಶ ಮಲದಲ್ಲಿ ಹೊರಹೋಯಿತು. ಅಂದರೆ ತಿಂದಿದ್ದೆಲ್ಲ ಮೈಗೆ ಸೇರಲಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಸೊರಗಿರುವವರಿಗೆ ಮನೆಯವರು ಪ್ರೀತಿಯಿಂದ ಗೋಡಂಬಿ, ಬಾದಾಮಿ, ಕೊಬ್ಬರಿ ತಂದುಕೊಡುತ್ತಾರೆ. ಅದರ ಪೂರ್ತಿ ಪ್ರಯೋಜನ ಬೇಕಿದ್ದರೆ ಅಗಿಯಬೇಕು, ಆಗದಿದ್ದರೆ ಪುಡಿ ಮಾಡಿ ಕೊಡಬೇಕು.

"ತುತ್ತಿಗೆ 32 ಸಲ ಅಗಿಯಬೇಕಂತೆ, ಹೌದೇ?" ಎಂದು ಕೇಳುವವರಿದ್ದಾರೆ. ಹಲ್ಲಿನ ಲೆಕ್ಕಕ್ಕೆ ಸರಿಹೊಂದಿಸಿದ ಮಾತು ಅದು. ಮೊಸರನ್ನಕ್ಕೆ 32 ಸಲ ಬೇಕಿಲ್ಲ, ಕೊಬ್ಬರಿಗೆ 32 ಸಾಲದೇ ಹೋಗಬಹುದು. ಹೊರೇಸ್ ಫ್ಲೆಚರ್ (1849-1919) ಎಂಬ ಅಮೆರಿಕದವರೊಬ್ಬರು ಪ್ರತಿ ತುತ್ತನ್ನೂ ನೀರಾಗುವವರೆಗೆ ಅಗಿಯಬೇಕೆಂದು ಊರೂರು ಸುತ್ತಿ ಪ್ರಚಾರ ಮಾಡಿದ್ದರು. ಅಷ್ಟು ಅತಿಗೆ ಹೋಗುವ ಅಗತ್ಯವಿಲ್ಲ. ನಾಲಿಗೆಗೆ ಗಟ್ಟಿ ಚೂರು ಸಿಗದಂತಾದಾಗ ನುಂಗಿದರೆ ಸಾಕು, ಎಣಿಸಬೇಕಾಗಿಲ್ಲ.

ಹೊಟ್ಟೆಯೊಳಗೆ ಕಂಡದ್ದು

ಹೊಟ್ಟೆಯೊಳಗೆ ನಿಜವಾಗಿ ಏನಾಗುತ್ತದೆ ಎಂಬುದನ್ನು ಬಹುಕಾಲ ಯಾರೂ ಕಣ್ಣಾರೆ ನೋಡಿರಲಿಲ್ಲ. ಇಟಲಿಯ ಸ್ಪಲ್ಲಾಂಜಾನಿ ಎಂಬ ವಿಜ್ಞಾನಿ ಸಣ್ಣ ಬಟ್ಟೆಯ ಚೀಲಗಳಲ್ಲಿ ಆಹಾರ ಕಟ್ಟಿ ತಾವೇ ನುಂಗಿ, ಅದು ಹೊರಬಂದ ಮೇಲೆ ಬಿಚ್ಚಿ ನೋಡುತ್ತಿದ್ದರು. ಅಗಿದು ಕಟ್ಟಿದ ಆಹಾರ ಅಗಿಯದೆ ಕಟ್ಟಿದ್ದಕ್ಕಿಂತ ಹೆಚ್ಚು ಕರಗಿರುವುದನ್ನು ಕಂಡರು. ಅವರ ಪುಸ್ತಕ 1780ರಲ್ಲಿ ಪ್ರಕಟವಾಯಿತು.

ಅದಕ್ಕಿಂತಲೂ ವಿಚಿತ್ರವಾದದ್ದು ಅಮೆರಿಕದಲ್ಲಿ ನಡೆಯಿತು. 1822ರ ಜೂನ್ 6ರಂದು ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಕೂಲಿಯ ಯುವಕನಿಗೆ ಆಕಸ್ಮಿಕವಾಗಿ ಗುಂಡು ತಗುಲಿತು. ಬದುಕುವುದಿಲ್ಲ ಎಂದುಕೊಂಡಿದ್ದ ಅವನು ಸೇನಾ ವೈದ್ಯ ವಿಲಿಯಂ ಬ್ಯೂಮಾಂಟರ ಆರೈಕೆಯಲ್ಲಿ ಬದುಕಿದ, ಆದರೆ ಹೊಟ್ಟೆಯ ಗಾಯ ಪೂರ್ತಿ ಮುಚ್ಚದೆ ಜಠರಕ್ಕೆ ಒಂದು ಕಿಂಡಿಯೇ ಉಳಿಯಿತು. 1825ರಲ್ಲಿ ಬ್ಯೂಮಾಂಟರು ಆ ಕಿಂಡಿಯ ಮೂಲಕ ರೇಷ್ಮೆ ದಾರಕ್ಕೆ ಕಟ್ಟಿದ ಮಾಂಸ, ಬ್ರೆಡ್, ಹಸಿ ಎಲೆಕೋಸಿನ ತುಂಡುಗಳನ್ನು ಒಳಗೆ ಬಿಟ್ಟು ಗಂಟೆಗೊಮ್ಮೆ ಎಳೆದು ನೋಡಿದರು. ಒಂದು ಗಂಟೆಯ ನಂತರ ಬ್ರೆಡ್ಡೂ ಕೋಸೂ ಅರ್ಧದಷ್ಟು ಕರಗಿದ್ದವು, ಮಾಂಸ ಹಾಗೆಯೇ ಇತ್ತು. ವರ್ಷಗಳ ಕಾಲ ಇಂತಹ ಪರೀಕ್ಷೆಗಳನ್ನು ಮಾಡಿ 1833ರಲ್ಲಿ ಪುಸ್ತಕ ಬರೆದರು. ಆಹಾರ ಎಷ್ಟು ಸಣ್ಣಗೆ ಒಡೆದಿದೆ, ಎಷ್ಟು ಮೆತ್ತಗಿದೆ ಎಂಬುದರ ಮೇಲೆ ಪಚನ ಸುಲಭವಾಗುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿಗಳಲ್ಲಿ ಒಂದು. ಆ ಬಡ ಕೂಲಿಯವನನ್ನು ಹೀಗೆ ಬಳಸಿಕೊಂಡದ್ದು ಸರಿಯೇ ಎಂಬ ಪ್ರಶ್ನೆಯನ್ನು ಶುಶ್ರೂಷಾ ವಿದ್ಯಾರ್ಥಿನಿಯರು ಕೇಳುತ್ತಾರೆ, ಕೇಳಬೇಕಾದದ್ದೇ.

ಇಂದು ನಮಗೆ ತಿಳಿದಿರುವುದು ಹೀಗೆ. ಜಠರದಲ್ಲಿ ಹಲ್ಲಿಲ್ಲ, ಆದರೆ ಬಲವಾದ ಸ್ನಾಯುಗಳಿವೆ. ಅವು ಆಹಾರವನ್ನು ಆಮ್ಲದ ಜೊತೆ ಕಲಸಿ, ಹಿಸುಕಿ, ಗಂಜಿಯಂತೆ ಮಾಡುತ್ತವೆ. ಜಠರದ ಕೊನೆಯಲ್ಲಿ ಜರಡಿಯಂತೆ ವರ್ತಿಸುವ ಒಂದು ಬಾಗಿಲಿದೆ. ಊಟದ ನಂತರದ ಹೊತ್ತಿನಲ್ಲಿ ಸುಮಾರು 1ರಿಂದ 2 ಮಿಲಿಮೀಟರಿಗಿಂತ ಸಣ್ಣದಾದ ಚೂರುಗಳನ್ನೇ ಅದು ಮುಂದಕ್ಕೆ ಬಿಡುತ್ತದೆ, ದೊಡ್ಡವನ್ನು ಹಿಂದಕ್ಕೆ ತಳ್ಳಿ ಮತ್ತೆ ಕಡೆಯಲು ಕಳಿಸುತ್ತದೆ. ಸಾಧಾರಣ ಊಟ ಜಠರದಿಂದ ಖಾಲಿಯಾಗಲು 4 ಗಂಟೆಯಷ್ಟು ಬೇಕು. ದೊಡ್ಡ ಚೂರು ನುಂಗಿದಷ್ಟೂ ಹೊತ್ತು ಹೆಚ್ಚಾಗುತ್ತದೆ, ಹೊಟ್ಟೆ ಭಾರ ಎನಿಸುತ್ತದೆ. ಹುಣ್ಣಿಗಾಗಿ ಜಠರದ ಶಸ್ತ್ರಚಿಕಿತ್ಸೆ ಆದವರಲ್ಲಿ ಈ ಬಾಗಿಲು ಮೊದಲಿನಂತೆ ಕೆಲಸ ಮಾಡದೇ ಇರಬಹುದು. ಅಂತಹವರು ಕಿತ್ತಳೆಯ ತೊಳೆ, ನಾರಿನ ಸೊಪ್ಪು, ಕೊಬ್ಬರಿ ಮುಂತಾದವನ್ನು ಅಗಿಯದೆ ನುಂಗಿದರೆ ನಾರು ಉಂಡೆಗಟ್ಟಿ ಕರುಳು ಕಟ್ಟುವ ಅಪಾಯವೂ ಇದೆ. ಹಲ್ಲಿಲ್ಲದವರಲ್ಲಿ ಇದು ಇನ್ನೂ ಹೆಚ್ಚು.

ಈಗ ಅಜ್ಜಿಯ ಮುದ್ದೆ

ಒಂದು ಗಟ್ಟಿಯಾದ ಪ್ಲಾಸ್ಟಿಕ್ ಕವರಿಗೆ ಒಂದು ಲೋಟ ಬೆಚ್ಚಗಿನ ನೀರು, ಅರ್ಧ ನಿಂಬೆಹಣ್ಣಿನ ರಸ ಹಾಕಿ. ಇದು ನಮ್ಮ ಜಠರ. ನಿಂಬೆರಸ ಹೊಟ್ಟೆಯ ಆಮ್ಲಕ್ಕೆ ಸಮವಲ್ಲ, ಪಚನ ಮಾಡುವುದೂ ಇಲ್ಲ, ಬರೀ ಸೂಚನೆಗೆ. ಇದಕ್ಕೆ ನುಂಗುವ ಗಾತ್ರದ ಎರಡು ತುತ್ತು ರಾಗಿ ಮುದ್ದೆ, ಸಾರಿನಲ್ಲಿ ಬೆಂದ ಆರೆಂಟು ಅವರೆಕಾಳು, ಎರಡು ಚೂರು ಹಸಿಕೊಬ್ಬರಿ ಹಾಕಿ ಬಾಯಿ ಕಟ್ಟಿ. ಹತ್ತು ನಿಮಿಷ ಹೊರಗಿನಿಂದ ಎರಡೂ ಕೈಗಳಿಂದ ಮೆಲ್ಲಗೆ ಹಿಸುಕುತ್ತಾ ಇರಿ, ಜಠರದ ಸ್ನಾಯು ಹಿಸುಕುವ ಹಾಗೆ. ಕಾಳನ್ನು ಬೆರಳಿನಿಂದ ಚಿವುಟಬಾರದು. ನಂತರ ಜರಡಿಗೆ ಸುರಿಯಿರಿ.

ಮುದ್ದೆ ಬಿಟ್ಟುಕೊಂಡು ಗಂಜಿಯಾಗಿ ಜರಡಿಯಿಂದ ಇಳಿದುಹೋಗುತ್ತದೆ. ಕಾಳುಗಳಲ್ಲಿ ಸಿಪ್ಪೆ ಹಾಗೆಯೇ ಇರುತ್ತದೆ, ಕೆಲವು ಇಡಿಯಾಗಿಯೇ ಉಳಿದಿರುತ್ತವೆ. ಕೊಬ್ಬರಿ ಹೋದಂತೆಯೇ ಹೊರಬರುತ್ತದೆ.

ಅಜ್ಜಿ ಹೇಳಿದ್ದರಲ್ಲಿ ಹುರುಳಿದೆ ಎಂದು ಇದರಿಂದ ತಿಳಿಯುತ್ತದೆ. ರಾಗಿಯನ್ನು ಬೀಸುವ ಕಲ್ಲೋ ಹಿಟ್ಟಿನ ಗಿರಣಿಯೋ ಮೊದಲೇ ನುಣ್ಣಗೆ ಅಗಿದುಬಿಟ್ಟಿದೆ, ಒಲೆಯ ಮೇಲೆ ಬೆಂದು ಪಿಷ್ಟ ಮೆತ್ತಗಾಗಿದೆ. ಮುದ್ದೆಯ ತುತ್ತು ನೋಡಲು ದೊಡ್ಡದು, ಆದರೆ ಅದು ಹಿಟ್ಟಿನ ಕಣಗಳ ಒಂದು ಗುಂಪು. ಜಠರ ಹಿಸುಕಿದರೆ ಬಿಡಿಬಿಡಿಯಾಗುತ್ತದೆ. ಜೊಲ್ಲಿನ ಕೆಲಸ ತಪ್ಪಿದರೂ ಮುಂದೆ ಸಣ್ಣ ಕರುಳಿನಲ್ಲಿ ಮೇದೋಜೀರಕ ಗ್ರಂಥಿಯ ಅಮೈಲೇಸ್ ಅದನ್ನು ಪೂರೈಸುತ್ತದೆ. ಹಲ್ಲಿಗೆ ಮೆತ್ತಿಕೊಳ್ಳುವ ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗುವ ಪದ್ಧತಿ ಆರೋಗ್ಯವಂತ ರೈತನ ಪಚನಕ್ಕೆ ಅಡ್ಡಿಯಲ್ಲ.

ತೊಂದರೆ ಇರುವುದು ಮುದ್ದೆಯ ಜೊತೆ ಹೋಗುವ ಪದಾರ್ಥಗಳಲ್ಲಿ. ಮುದ್ದೆ ನುಂಗುವ ಅಭ್ಯಾಸದ ರಭಸದಲ್ಲಿ ಸಾರಿನ ಅವರೆ, ಹುರುಳಿ, ಸೊಪ್ಪಿನ ದಂಟು, ಬದನೆಯ ತೊಟ್ಟು ಎಲ್ಲವೂ ಅಗಿಯದೆ ಇಳಿದುಹೋಗುತ್ತವೆ. ಕಾಳಿನ ಸಿಪ್ಪೆಯನ್ನು ಒಡೆಯುವ ಶಕ್ತಿ ನಮ್ಮ ಯಾವ ಜೀರ್ಣರಸಕ್ಕೂ ಇಲ್ಲ, ಹಲ್ಲೇ ಒಡೆಯಬೇಕು. "ಮಗುವಿನ ಮಲದಲ್ಲಿ ಕಾಳು ಹಾಗೇ ಬರ್ತಿದೆ, ಪಚನ ಶಕ್ತಿನೇ ಇಲ್ಲ" ಎಂದು ತಾಯಂದಿರು ಗಾಬರಿಯಾಗಿ ಬರುತ್ತಾರೆ. ಸುಟ್ಟ ಮೆಕ್ಕೆಜೋಳ ತಿಂದ ಮರುದಿನ ದೊಡ್ಡವರಿಗೂ ಹಾಗೆಯೇ. ಮಗು ಲವಲವಿಕೆಯಿಂದಿದ್ದು ತೂಕ ಏರುತ್ತಿದ್ದರೆ ಅದು ರೋಗವಲ್ಲ. ಮುದ್ದೆ ನುಂಗಲಿ, ಕಾಳನ್ನು ಬೇರೆ ತುತ್ತಿನಲ್ಲಿ ಅಗಿಯಲಿ. ಅಥವಾ ಕಾಳನ್ನು ಮಸೆದು ಬಸ್ಸಾರು ಮಾಡಿ.

ಸಕ್ಕರೆ ಕಾಯಿಲೆಯವರಿಗೆ ಮಾತ್ರ ಲೆಕ್ಕ ಸ್ವಲ್ಪ ತಿರುಗುತ್ತದೆ. ಸಣ್ಣ ಕಣ ಬೇಗ ಪಚನವಾಗುತ್ತದೆ ಎಂದರೆ ರಕ್ತದಲ್ಲಿ ಸಕ್ಕರೆಯೂ ಬೇಗ ಏರುತ್ತದೆ ಎಂದೇ ಅರ್ಥ. "ರಾಗಿ ಸಕ್ಕರೆಗೆ ಒಳ್ಳೇದು" ಎಂದು ನುಣ್ಣನೆಯ ಹಿಟ್ಟಿನ ಗಂಜಿಯನ್ನು ಲೋಟಗಟ್ಟಲೆ ಕುಡಿಯುವವರು ಇದನ್ನು ಗಮನಿಸಬೇಕು. ಅವರಿಗೆ ಹಣ್ಣಿನ ರಸಕ್ಕಿಂತ ಹಣ್ಣು, ನುಣ್ಣನೆಯ ಗಂಜಿಗಿಂತ ಇಡೀ ಕಾಳು, ತರಕಾರಿ ಇರುವ ಊಟವೇ ಮೇಲು, ಅದನ್ನು ನಿಧಾನವಾಗಿ ಅಗಿದು ತಿನ್ನಬೇಕು. ಮುದ್ದೆಯ ಗಾತ್ರವನ್ನು ವೈದ್ಯರನ್ನು ಕೇಳಿ ನಿಗದಿ ಮಾಡಿಕೊಳ್ಳಿ.

ಯಾರು ಮುದ್ದೆ ನುಂಗಬಾರದು

ಜೊತೆಗಿರುವ ಬಂಧುಗಳು ಈ ಭಾಗವನ್ನು ದಯವಿಟ್ಟು ಎರಡು ಸಲ ಓದಬೇಕು. ಊರಿನಿಂದ ಕ್ಯಾರಿಯರ್‌ನಲ್ಲಿ ಬಿಸಿ ಮುದ್ದೆ, ಸೊಪ್ಪಿನ ಸಾರು ಬರುತ್ತದೆ. "ಮೂರು ದಿನದಿಂದ ಮುದ್ದೆ ತಿಂದಿಲ್ಲ, ಅದಕ್ಕೇ ಶಕ್ತಿ ಇಲ್ಲ" ಎಂದು ಸಿಸ್ಟರ್ ಆ ಕಡೆ ಹೋದಾಗ ಒಂದು ತುತ್ತು ಬಾಯಿಗಿಡುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಲಕ್ವ ಹೊಡೆದವರಲ್ಲಿ ನುಂಗುವ ಸ್ನಾಯುಗಳೂ ಸೋತಿರಬಹುದು. ಆಗ ಜಾರುವ, ಅಂಟುವ ಮುದ್ದೆಯ ತುತ್ತು ಅನ್ನನಾಳದ ಬದಲು ಶ್ವಾಸನಾಳದ ಬಾಯಿಗೆ ಕೂರುತ್ತದೆ. ನೀರು ಸುರಕ್ಷಿತ ಎಂದೂ ತಿಳಿಯಬೇಡಿ. ಇಂತಹ ರೋಗಿಗಳಲ್ಲಿ ತೆಳುವಾದ ನೀರು ಗಂಜಿಗಿಂತ ಸುಲಭವಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ, ಅದರಿಂದ ನ್ಯುಮೋನಿಯಾ ಆಗುತ್ತದೆ. ನುಂಗುವ ಪರೀಕ್ಷೆ ಆಗುವವರೆಗೆ ಬಾಯಿಗೆ ಏನನ್ನೂ, ತೀರ್ಥವನ್ನೂ ಸಹ, ಹಾಕಬಾರದು.

ಪರೀಕ್ಷೆಯ ನಂತರ ಊಟ ಕೊಡಲು ಹೇಳಿದಾಗ ರೋಗಿಯನ್ನು ನೆಟ್ಟಗೆ ಕೂರಿಸಿ, ಗಲ್ಲ ಸ್ವಲ್ಪ ಕೆಳಗೆ ಬಾಗಿರಲಿ. ಚಹಾ ಚಮಚದಷ್ಟು ಮಾತ್ರ, ಚೆನ್ನಾಗಿರುವ ಬದಿಯ ಕೆನ್ನೆಯ ಕಡೆಗೆ. ನುಂಗಿದ್ದು ಖಚಿತವಾದ ಮೇಲೆ ಮುಂದಿನ ಚಮಚ. ಊಟದ ಕೊನೆಗೆ ಸೋತ ಬದಿಯ ಕೆನ್ನೆಯೊಳಗೆ ಅನ್ನ ಉಳಿದಿದೆಯೇ ನೋಡಿ ತೆಗೆಯಬೇಕು, ಅರ್ಧ ಗಂಟೆ ಮಲಗಿಸಬಾರದು. ಕೆಮ್ಮು ಬಂದರೆ, ದನಿ ಒದ್ದೆಯಾದಂತೆ ಗೊರಗೊರ ಎಂದರೆ ನಿಲ್ಲಿಸಿ ನಮ್ಮನ್ನು ಕರೆಯಿರಿ.

ಹಲ್ಲು ಉದುರಿದ ಹಿರಿಯರಿಗೆ ಮುದ್ದೆ ಬಿಡಿಸಬೇಕಾಗಿಲ್ಲ. ನೆಲ್ಲಿಕಾಯಿ ಗಾತ್ರದ ತುತ್ತು, ಮೆತ್ತನೆಯ ಮುದ್ದೆ, ಗಟ್ಟಿ ಚೂರಿಲ್ಲದ ಸಾರು ಸಾಕು. ಕಟ್ಟಿಸಿದ ಹಲ್ಲಿನ ಸೆಟ್ಟನ್ನು ಆಸ್ಪತ್ರೆಯಲ್ಲಿ ಟವೆಲ್ಲಿಗೆ ಸುತ್ತಿ ದಿಂಬಿನ ಕೆಳಗಿಟ್ಟು ಕಳೆದುಕೊಳ್ಳುವವರು ಅನೇಕರು. ಹೆಸರು ಬರೆದ ಡಬ್ಬಿಯಲ್ಲಿ ನೀರು ಹಾಕಿ ಇಡಿ. ಅಡಿಕೆ ಅಗಿಯುವವರಿಗೆ ಒಂದು ಮಾತು: ನಮ್ಮ ಕಡೆ ಬೆಳೆಯುವ ಬೆಳೆ ನಿಜ, ಆದರೆ ನಿತ್ಯ ಅಗಿದರೆ ಕೆನ್ನೆಯ ಒಳಪದರ ಬಿಗಿದು ಬಾಯಿಯೇ ತೆರೆಯದಂತಾಗುವ ಕಾಯಿಲೆ ಬರುತ್ತದೆ. ತಂಬಾಕು ಬೆರೆಸದಿದ್ದರೂ ಅಡಿಕೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರ ವರದಿಯಲ್ಲಿ ಹೇಳಿದೆ.

ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ ಚೂರು, ಇಡೀ ದ್ರಾಕ್ಷಿ ಕೊಡಬೇಡಿ. ದವಡೆಹಲ್ಲು ಬಲಿತಿರುವುದಿಲ್ಲ, ಓಡುತ್ತಾ ನಗುತ್ತಾ ತಿನ್ನುತ್ತಾರೆ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ, ಬೀಜವನ್ನು ಪುಡಿ ಮಾಡಿ ಕೊಡಿ.

ಗಂಟಲಿಗೆ ಸಿಕ್ಕಿಕೊಂಡಾಗ

ಕೆಮ್ಮಲು, ಮಾತನಾಡಲು ಆಗುತ್ತಿದ್ದರೆ ಕೆಮ್ಮಲು ಬಿಡಿ, ಮಧ್ಯೆ ಹೋಗಬೇಡಿ. ದನಿ ಹೊರಡದೆ, ಉಸಿರು ಎಳೆಯಲಾಗದೆ, ಕತ್ತು ಹಿಡಿದುಕೊಂಡು ತುಟಿ ನೀಲಿಯಾಗುತ್ತಿದ್ದರೆ ಒಂದು ಕ್ಷಣವೂ ಕಾಯಬಾರದು. ರೋಗಿಯನ್ನು ಮುಂದಕ್ಕೆ ಬಾಗಿಸಿ, ಎರಡು ಹೆಗಲುಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಸಲ ಬಲವಾಗಿ ಹೊಡೆಯಿರಿ. ಹೊರಬರದಿದ್ದರೆ ಹಿಂದೆ ನಿಂತು, ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮುಷ್ಟಿಯಿಟ್ಟು, ಇನ್ನೊಂದು ಕೈಯಿಂದ ಅದನ್ನು ಹಿಡಿದು, ಒಳಕ್ಕೂ ಮೇಲಕ್ಕೂ 5 ಸಲ ಜೋರಾಗಿ ಒತ್ತಿ. ತುತ್ತು ಹೊರಬರುವವರೆಗೆ ಐದು ಹೊಡೆತ, ಐದು ಒತ್ತು ಹೀಗೆಯೇ ಮುಂದುವರಿಸಿ. ಗರ್ಭಿಣಿಯರಿಗೆ ಹೊಟ್ಟೆಯ ಬದಲು ಎದೆಯ ನಡುಭಾಗದಲ್ಲಿ ಒತ್ತಬೇಕು. ಒಂದು ವರ್ಷದೊಳಗಿನ ಕೂಸನ್ನು ಮುಂಗೈಯ ಮೇಲೆ ತಲೆ ತಗ್ಗಿರುವಂತೆ ಬೋರಲು ಮಲಗಿಸಿ ಬೆನ್ನಿಗೆ 5 ಹೊಡೆತ, ನಂತರ ತಿರುಗಿಸಿ ಎದೆಯ ನಡುಮೂಳೆಯ ಮೇಲೆ 5 ಒತ್ತು, ಹೊಟ್ಟೆಗೆ ಒತ್ತಲೇಬಾರದು. ನೀರು ಕುಡಿಸಬೇಡಿ, ಅನ್ನದ ಉಂಡೆ ನುಂಗಿಸಬೇಡಿ, ಕಾಣದ ವಸ್ತುವಿಗೆ ಬೆರಳು ಹಾಕಿ ತಡಕಬೇಡಿ. ಇನ್ನೊಬ್ಬರು ಆಗಲೇ 108ಕ್ಕೆ ಕರೆ ಮಾಡಲಿ. ವಾರ್ಡಿನಲ್ಲಿದ್ದರೆ ಕೂಗಿ ಕರೆಯಿರಿ. ಪ್ರಜ್ಞೆ ತಪ್ಪಿದರೆ ಮಲಗಿಸಿ, ತರಬೇತಿ ಪಡೆದವರು ಎದೆ ಒತ್ತುವ ಚಿಕಿತ್ಸೆಯನ್ನು ಕೂಡಲೇ ಶುರು ಮಾಡಬೇಕು.

ಮಾತ್ರೆ ಪುಡಿ ಮಾಡುವ ಮುನ್ನ

ಪುಡಿ ಬೇಗ ಕರಗುತ್ತದೆ ಎಂಬ ಬೆಲ್ಲದ ಪಾಠ ಮಾತ್ರೆಗೂ ಅನ್ವಯಿಸುತ್ತದೆ, ಅಲ್ಲಿ ಅದು ಅಪಾಯ. ನುಂಗಲಾಗದ ಹಿರಿಯರಿಗೆ ಬಂಧುಗಳು ಎಲ್ಲ ಮಾತ್ರೆಗಳನ್ನೂ ಲೋಟದ ತಳದಿಂದ ಕುಟ್ಟಿ ಜೇನಿನಲ್ಲಿ ಕಲಸಿ ಕೊಡುತ್ತಾರೆ. ಕೆಲವು ಮಾತ್ರೆಗಳನ್ನು ಹನ್ನೆರಡು ಅಥವಾ ಇಪ್ಪತ್ನಾಲ್ಕು ಗಂಟೆ ನಿಧಾನವಾಗಿ ಕರಗಲೆಂದೇ ತಯಾರಿಸಿರುತ್ತಾರೆ. ಕುಟ್ಟಿದರೆ ಇಡೀ ದಿನದ ಔಷಧಿ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ, ರಕ್ತದೊತ್ತಡ ಅಥವಾ ಸಕ್ಕರೆ ದಿಢೀರನೆ ಇಳಿಯಬಹುದು. ಇನ್ನು ಕೆಲವಕ್ಕೆ ಹೊಟ್ಟೆಯ ಆಮ್ಲದಿಂದ ಕೆಡದಿರಲೆಂದು ಲೇಪನವಿರುತ್ತದೆ. ಪಟ್ಟಿಯ ಮೇಲೆ ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಆರ್, ಎಕ್ಸ್‌ಎಲ್, ಸಿಆರ್, ಇಆರ್ ಎಂಬ ಅಕ್ಷರಗಳಿದ್ದರೆ ಕುಟ್ಟಬಾರದು, ಅಗಿಯಬಾರದು, ವೈದ್ಯರು ಹೇಳದೆ ಅರ್ಧ ಮಾಡಲೂಬಾರದು. ನುಂಗಲು ಕಷ್ಟವಿದ್ದರೆ ಮಾತ್ರೆ ಬರೆಯುವಾಗಲೇ ವೈದ್ಯರಿಗೆ ತಿಳಿಸಿ. ಅನೇಕ ಔಷಧಿಗಳು ದ್ರವ ರೂಪದಲ್ಲಿಯೂ ಸಿಗುತ್ತವೆ. ಸಂದೇಹವಿದ್ದರೆ ಪಟ್ಟಿಯನ್ನು ಎಸೆಯದೆ ವಾರ್ಡಿನ ಸಿಸ್ಟರ್‌ಗೆ ಅಥವಾ ಔಷಧಾಲಯದಲ್ಲಿ ತೋರಿಸಿ ಕೇಳಿ.